ಲೈಲಾಳ ಸರದಿ

ಮೇ 5, 2025, ಸೋಮವಾರ

ಪಾಕಿಸ್ತಾನದಿಂದ ಬರುವ ಟಪಾಲನ್ನು ಸರ್ಕಾರ ನಿಲ್ಲಿಸಿದೆ ಎಂದು ಪತ್ರಿಕೆಯಲ್ಲಿ ಓದಿಯೂ ಬಲ್ಮಠದ ಅಂಚೆ ಕಚೇರಿಗೆ ಹೋದೆ.

"ಕರಾಚಿಯ ಕಾಗದ ಇನ್ನು ಬರುವುದಿಲ್ಲ ಅಜ್ಜ. ನಾನು ಎಂತ ಮಾಡ್ಲಿ ಹೇಳಿ?" ಎಂದಳು ಕೌಂಟರಿನ ಸುಪ್ರೀತಾ. ಅವಳ ಮುಖವೂ ಸಪ್ಪಗಾಗಿತ್ತು.

ತಂಗಿ ಲೈಲಾ ಮದುವೆಯಾಗಿ ಕರಾಚಿಗೆ ಹೋಗಿ ಐವತ್ತೆರಡು ವರ್ಷ. ಈಗ ಅವಳಿಗೆ ಕಿವಿ ಕೇಳಿಸುವುದಿಲ್ಲ. ಇಲ್ಲಿಯ ಫೋನೆಂದರೆ ಅವಳ ಮಗನಿಗೆ ಹೆದರಿಕೆ. ನಮಗುಳಿದದ್ದು ಕಾಗದ, ಅದರ ಕೊನೆಯಲ್ಲಿ ಚೆನ್ನೆಮಣೆಯ ಒಂದು ಆಟ. ಯಾವ ಗುಳಿಯ ಕಾಯಿ ಎತ್ತಿದೆನೆಂದು ಅವಳು ಬರೆದರೆ, ನಾನು ಇಲ್ಲಿಯ ಮಣೆಯಲ್ಲಿ ಹಂಚುತ್ತೇನೆ. ಅಲ್ಲಿ ಅವಳೂ ಹಾಗೆಯೇ. ಮಾರ್ಚಿನಲ್ಲಿ ನಾನು ಆಡಿ ಬರೆದಿದ್ದೆ. ಈಗ ಅವಳ ಸರದಿ.

ಸಂಜೆ ಮೊಮ್ಮಗಳು ಶಬ್ನಮ್ ಮಣೆಯ ಮುಂದೆ ಕೂತಳು. "ಅವರ ಬದಲು ನಾನು ಆಡ್ತೇನೆ ಅಜ್ಜ. ಮೋಸ ಮಾಡುದಿಲ್ಲ."

"ಅವಳು ಮಾಡ್ತಾಳೆ ಮಾರಾಯ್ತಿ! ಮೋಸ ಇಲ್ಲದಿದ್ರೆ ಅದು ಲೈಲಾಳ ಆಟ ಹೇಗಾಗ್ತದೆ?" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗಲಾಗಲಿಲ್ಲ.

ಈ ಸಲ ಅವಳೇ ಗೆಲ್ಲಲಿ ಎಂದು ನಾನು ಬೇಕೆಂದೇ ತಪ್ಪು ಆಡಿದ್ದೆ. ಐದನೆಯ ಗುಳಿಯಿಂದ ಎತ್ತಿದರೆ ಆಟ ಅವಳದು. ಅದು ಅವಳ ಕಣ್ಣಿಗೆ ಬಿದ್ದೇ ಇರುತ್ತದೆ. ಗೆದ್ದೆನೆಂದು ಕಾಗದ ಬರೆದು, ಮಡಚಿ, ಅಂಚೆಗೆ ಹಾಕಲು ಹೊರಟವಳಿಗೆ ಟಪಾಲು ನಿಂತಿದೆಯೆಂದು ಅಲ್ಲಿ ಯಾರು ಹೇಗೆ ಹೇಳಿದರೋ, ಕಿವಿ ಬೇರೆ ಕೇಳಿಸುವುದಿಲ್ಲ.