ಕುಕ್ಕರ್ ಕೂಗಿಗೆ ಕಿವಿಗೊಟ್ಟ ಕಂಪ್ಯೂಟರ್

ಮಾರ್ಚ್ 9, ಸೋಮವಾರ

ಕೊನೆಗೂ ಸಿಕ್ಕಿತು! ರೇಡಿಯೋದ ಮೋರ್ಸ್ ಸದ್ದನ್ನು ಅಕ್ಷರ ಮಾಡಿ ತೋರಿಸಬೇಕಾದ ಪ್ರೋಗ್ರಾಮು ವಾರದಿಂದ ಬರೀ ಕಸ ಬರೆದು ನನ್ನ ತಲೆ ತಿಂದಿತ್ತು. ಇಂದು ಕುಕ್ಕರ್ ಕೂಗಿದ ಕೂಡಲೇ ಪರದೆಯ ಮೇಲೆ ‘ಟಿ’ ಮೂಡಿತು. ಇನ್ನೊಂದು ಕೂಗು, ಇನ್ನೊಂದು ‘ಟಿ’. ಮೋರ್ಸ್‌ನಲ್ಲಿ ಒಂದು ಉದ್ದ ಸದ್ದೆಂದರೆ ‘ಟಿ’ ತಾನೆ! ನನಗೇನು ಮಂಕು ಕವಿದಿತ್ತೋ, ಅದು ಇಷ್ಟು ದಿನ ರೇಡಿಯೋ ಬಿಟ್ಟು ಮೈಕಿನಿಂದ ಅಮ್ಮನ ಅಡುಗೆಮನೆಗೆ ಕಿವಿಗೊಟ್ಟಿತ್ತು. ಸ್ಪೀಕರಿಗೆ ಹೋಗುತ್ತಿದ್ದ ರೇಡಿಯೋದ ಸದ್ದನ್ನು ಕಂಪ್ಯೂಟರಿನೊಳಗಿಂದಲೇ ಪ್ರೋಗ್ರಾಮಿಗೆ ತಿರುಗಿಸಿದೆ. ಸ್ಪೀಕರ್ ಸುಮ್ಮನಾಯಿತು, ಅಕ್ಷರಗಳು ಓಡತೊಡಗಿದವು!

ಅಪ್ಪನನ್ನು ಕೈಹಿಡಿದು ಎಳೆತಂದೆ. ಒಂದು ಕಾಲದಲ್ಲಿ ಇಲ್ಲೇ ಕೂತು ರೇಡಿಯೋದಲ್ಲಿ ಮೋರ್ಸ್ ಮಾತಾಡುತ್ತಿದ್ದವರು, ಕಿವಿ ಪೂರ್ತಿ ಹೋದಮೇಲೆ ಈ ಮೇಜಿನತ್ತ ಸುಳಿದಿರಲಿಲ್ಲ.

ಅಕ್ಷರಗಳ ಓಟ ನೋಡುತ್ತಾ, “ಕಳಿಸ್ತಿರೋನ ಕೈಗೆ ಬಲು ಅವಸರ ಕಣೇ,” ಅಂದರು. ಆಮೇಲೆ ಮೆಲ್ಲಗೆ, “ನಿಂಗೆ ಚೆನ್ನಾಗಿ ಕೇಳಿಸ್ತಿದೆಯಾ?”

ಇಲ್ಲವೆಂದು ತಲೆಯಾಡಿಸಿ, ಮಿಸುಕದ ಸ್ಪೀಕರಿನ ಮೇಲೆ ಅವರ ಕೈ ಇಟ್ಟೆ.

“ಹಾಗಾದ್ರೆ ಇಬ್ರೂ ಒಂದೇ!” ಮನೆಯೆಲ್ಲ ಕೇಳುವಂತೆ ನಕ್ಕರು.

ನಿದ್ದೆ ಬರುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪ ಮಂಚದ ಮರಕ್ಕೆ ಬೆರಳಲ್ಲಿ ಬಡಿಯುತ್ತಿದ್ದಾರೆ, ರೇಡಿಯೋದಲ್ಲಿ ಅವರ ಹೆಸರಿನಂತಿದ್ದ ಹಳೆಯ ಕಾಲ್‌ಸೈನ್. ಇಲ್ಲಿಂದ ಗೋಡೆ ತಟ್ಟಿದರೆ ಅವರಿಗೆ ಕೇಳಿಸದು. ಹೋಗಿ ಅಂಗೈಗೇ ತಟ್ಟಿ ಉತ್ತರ ಕೊಟ್ಟುಬರುತ್ತೇನೆ.