ಆಳ ಅಳೆಯದೆ ತೆಗೆದ ಬ್ರೂಚ್

ಇನ್ನೂ ಹುಟ್ಟದ ಮರಿಮಗಳಿಗೆ,

ಒಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಬ್ರೂಚ್ ಕೆಸರಿನಲ್ಲಿ ಎಷ್ಟು ಆಳದಲ್ಲಿತ್ತೆಂದು ನಾನು ಅಳೆಯಲಿಲ್ಲ. ತಪ್ಪು ನನ್ನದೇ.

ಇದು 2231. ನೀನು ಓದುವುದು 2331ರಲ್ಲಿ. ನೂರಂಚೆಯ ಪೆಟ್ಟಿಗೆಯನ್ನು ನೂರು ವರ್ಷ ತುಂಬದೆ ತೆರೆಯುವುದಿಲ್ಲ. ನಾನು, ನಿನ್ನ ಮುತ್ತಜ್ಜಿ ಸುಲೋಚನಾ ತಿಂಗಳಾಯ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಅಡುಗೆಮನೆಯಲ್ಲಿ ಕಲಿತದ್ದು. ಮಾತು ವಿಚಿತ್ರವೆನಿಸಿದರೆ ಕ್ಷಮಿಸು.

ನಮ್ಮ ಹಳೆಯ ಊರು ಸಮುದ್ರದಲ್ಲಿದೆ, ನಾವು ಗುಡ್ಡೆಯ ಮೇಲಿದ್ದೇವೆ. ಇಳಿತದಲ್ಲಿ ನೀರು ಸರಿದಾಗ ಹೆಂಗಸರು ಕೆಸರಿಗೆ ಇಳಿಯುತ್ತೇವೆ. ಬೆನ್ನಿಗೆ ಬುಟ್ಟಿ, ಕೈಯಲ್ಲಿ ಕೂಗುಕೋಲು. ನೆಲದಡಿ ಲೋಹವಿದ್ದರೆ ಅದು ಕೂಗುತ್ತದೆ. ಮುಳುಗಿದ ಮನೆಗಳ ವಯರು, ನಲ್ಲಿ, ತಪ್ಪಲೆ, ಸಿಕ್ಕಿದ್ದೆಲ್ಲ ಕರಗುಮನೆಯ ಕುಲುಮೆಗೆ ಹೋಗಬೇಕೆಂಬುದು ಕಾನೂನು, ಗಣಿಗಳಲ್ಲಿ ತಾಮ್ರ ಉಳಿದಿಲ್ಲ. ನಮ್ಮಮ್ಮನ ಕೊಡಪಾನವೂ ಹೋಯಿತು. ಆಗ ನಾನು ತಕರಾರು ಮಾಡಲಿಲ್ಲ. ಹಾಗಾದರೆ ಈ ಬ್ರೂಚಿಗೆ ಮಾತ್ರ ಏಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಅಂದು ಕೋಲು ಕೂಗಿದಾಗ ವಯರೆಂದುಕೊಂಡು ಸಲಿಕೆಯಿಂದ ಕೆಸರನ್ನು ಎತ್ತಿ ಹಾಕುತ್ತಲೇ ಹೋದೆ. ವಸ್ತು ಸಿಕ್ಕಿದ್ದು ಗುಂಡಿಯಲ್ಲಲ್ಲ, ಪಕ್ಕದ ರಾಶಿಯಲ್ಲಿ. ಬಿಲ್ಲಿನಂತೆ ಬಾಗಿದ ಹಸಿರುಗಟ್ಟಿದ ಕಂಚು, ಹಿಂದೊಂದು ಮುರಿದ ಸೂಜಿ. ಜೊತೆಗಿದ್ದ ವಾರಿಜಕ್ಕ ನಕ್ಕಳು: "ಇದೆಂತ ಮಾರಾಯ್ತಿ, ಸೆರಗಿನ ಪಿನ್ನಲ್ದಾ!" ಅಷ್ಟರಲ್ಲಿ ಉಬ್ಬರ ಬಂದು ಗುಂಡಿ ಮುಚ್ಚಿತು. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಹೊದಿಕೆಗೆ ಸಿಕ್ಕಿಸುತ್ತಿದ್ದ ಬ್ರೂಚ್ ಇದೆಂದು ಮೈಸೂರಿನ ವಿದ್ವಾಂಸರೊಬ್ಬರು ಗುರುತಿಸಿದರು.

ಇದನ್ನು ಕುಲುಮೆಗೆ ಹಾಕಬೇಡಿ ಎಂದು ಕೇಳಿದರೆ ಕರಗುಮನೆಯ ಅಧಿಕಾರಿ ಒಪ್ಪಲಿಲ್ಲ. "ಹಳೆಯದೇ ಇರಬಹುದು ಮೇಡಂ. ಯಾವನೋ ಪ್ರವಾಸಿ ಮೊನ್ನೆ ಮೊನ್ನೆ ಬೀಳಿಸಿಕೊಂಡದ್ದಲ್ಲ ಅಂತ ಹೇಗೆ ನಂಬಲಿ? ಆಳ ಬರೆದುಕೊಡಿ, ಮ್ಯೂಸಿಯಮ್ಮಿಗೆ ಕಳಿಸುತ್ತೇನೆ. ಇಲ್ಲದಿದ್ದರೆ ಗುಜರಿ."

ಅಲ್ಲಿಗೂ ಜೊತೆಗೆ ಬಂದಿದ್ದ ವಾರಿಜಕ್ಕ ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು: "ಎರಡು ಮೊಳ ಅಂತ ಬರಿ, ಹೆಣ್ಣೆ. ಗುಂಡಿಗೆ ಇಳ್ದು ಕಾಂಬುಕೆ ಯಾರ್ ಬತ್ರ್?"

ಯಾರೂ ಬರುತ್ತಿರಲಿಲ್ಲ. ಆದರೂ ಕೊನೆಗೆ "ಅಳೆದಿಲ್ಲ" ಎಂದು ಬರೆದು ಬ್ರೂಚನ್ನು ಮನೆಗೆ ತಂದೆ. ಅಷ್ಟು ದೂರದವರು ನಮ್ಮ ದಡಕ್ಕೆ ಬಂದಿದ್ದರೆಂದು ಹೇಳಲು ನಮ್ಮಲ್ಲಿರುವುದು ಇದೊಂದೇ. ಅದರ ಬಾಯಿಗೆ ನಾನು ಸುಳ್ಳು ತುರುಕಲಾರೆ. ಕರಗಿಸಿದರೆ ಒಂದು ಗೇಣು ವಯರಾದೀತು, ಅದಕ್ಕೂ ಬಿಡಲಾರೆ.

ಬಚ್ಚಿಡುವುದೂ ಇಲ್ಲ. ನಮ್ಮ ಜಗುಲಿಯ ಮೇಲೆ ಗಾಜಿನ ಡಬ್ಬಿಯಲ್ಲಿಟ್ಟಿದ್ದೇನೆ. ಯಾರು ಬೇಕಾದರೂ ಬಂದು ನೋಡಬಹುದು, ಆ ಅಧಿಕಾರಿಯೂ. ಪಕ್ಕದ ಚೀಟಿಯಲ್ಲಿ ನನ್ನ ತಪ್ಪೂ ಇದೆ, ನನ್ನ ಹೆಸರೂ ಇದೆ. ನನ್ನ ಪರವಾನಗಿ ಕಿತ್ತುಕೊಳ್ಳಲಿ, ನನ್ನನ್ನು ಒಳಗೆ ಹಾಕಲಿ. ನನ್ನ ಅವಸರಕ್ಕೆ ಕುಲುಮೆಗೆ ಬೀಳಬೇಕಾದದ್ದು ಬ್ರೂಚ್ ಅಲ್ಲ.

ನೀನು ನೆಲ ಅಗೆದರೆ ಮೊದಲು ಅಳೆ. ಮರೆತರೆ, ಮರೆತೆನೆಂದು ಬರೆ. ಆಮೇಲೆ ಯಾರು ಹೆದರಿಸಿದರೂ ಕೈ ಸಡಿಲಿಸಬೇಡ.

ಬ್ರೂಚನ್ನು ಒಪ್ಪಿಸಲು ನನಗೆ ಕೊಟ್ಟಿರುವ ಕೊನೆಯ ದಿನ ಜೂನ್ ಒಂಬತ್ತು. ಅಂದು ನಾನು ಹೋಗುವುದಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದು 2231ನೇ ಇಸವಿ, ಜೂನ್ ಹತ್ತಕ್ಕೆ.