ನಾರ್ಮಲ್ ಅಂದಳು ಮಗಳು

ಪೊಲ್ತಾವಾ, ಮಾರ್ಚ್ ೧೪

ನನ್ನ ಮುಂಗೋಪಿ ಒಸ್ತಾಪ್‌ಗೆ,

ನಿನ್ನ ಮಿರೊಸ್ಲಾವಾಳ ಮುತ್ತುಗಳು. ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೇ ಕಾಗದ. ಯುದ್ಧದಲ್ಲಿ ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವವನ ಮೇಲೆ ರೇಗಬಾರದು ಎಂದು ಅಮ್ಮ ಹೇಳುತ್ತಾಳೆ. ನಾನು ರೇಗುತ್ತೇನೆ. ಮಗಳನ್ನು ಕರೆತರಬೇಡ ಎಂದು ಹೇಳಿ ಕಳಿಸಿದ್ದೀಯಲ್ಲ, ಅದನ್ನು ಕೇಳಿ ನನಗೆ ತುಂಬ ನೋವಾಯಿತು.

ಶಾಲೆಯ ಸಭೆಯಲ್ಲಿ ನಮ್ಮ ಮಗಳು ಯಾರಿನಾ ನಿನ್ನನ್ನು ಹಗುರ ಮಾಡಿ ಮಾತಾಡಿದಳು ಎಂದು ಕಿವಿ ಊದಿದವನು ನಿನ್ನ ತಮ್ಮ ತಾನೆ? ಅವನು ಅರ್ಧ ಕೇಳಿ ಎದ್ದುಹೋದ. ಪೂರ್ತಿ ನಾನು ಹೇಳುತ್ತೇನೆ.

ಸೈನ್ಯಕ್ಕೆ ಹಣ ಕೂಡಿಸಲು ಮಕ್ಕಳು ಚೆರ್ರಿ ತುಂಬಿದ ವರೆನಿಕಿ ಕಡುಬು ಮಾರಿದ ದಿನ ಅದು. ಆಮೇಲೆ ಸಭೆ. ಹಾಲಿನಾ ಪೆತ್ರಿವ್ನಾ ಟೀಚರ್ ಭಾಷಣ ಬರೆದುಕೊಟ್ಟಿದ್ದರು: ಮಹಾವೀರ, ಅಮರ ಸಾಹಸ, ಪವಿತ್ರ ಸಮರ. ನಮ್ಮ ಹುಡುಗಿ ಅದನ್ನು ಮಡಚಿ ಜೇಬಿಗಿಟ್ಟಳು.

"ಯುದ್ಧ ಹೊಲಸು. ಬೋರು ಕೂಡ. ನಮ್ಮಪ್ಪ ನಾರ್ಮಲ್" ಅಂದಳು.

ನಿನ್ನ ತಮ್ಮ ಎದ್ದದ್ದು ಆಗಲೇ. ನನಗೂ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಆದರೆ ಅವಳ ವಯಸ್ಸಿನವರು ಯಾರೂ ನಗಲಿಲ್ಲ. ಒಬ್ಬಳು ಕಣ್ಣೊರೆಸಿಕೊಂಡಳು. ಈ ಮಕ್ಕಳ ಮಾತಿನ ತೂಕ ನಮಗೆ ತಿಳಿದೇ ಇಲ್ಲ, ಒಸ್ತಾಪ್. ಸೈರನ್ ಕೂಗಿದರೆ "ಥೂ, ಮತ್ತೆ ಶುರುವಾಯ್ತು" ಅನ್ನುತ್ತಾರೆ. ಕಿಟಕಿ ಒಡೆದರೆ "ಪರವಾಗಿಲ್ಲ ಬಿಡಿ." ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಸ್ಮಶಾನದಲ್ಲಿ ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಕರೆಂಟು ಇದ್ದು, ಎಲ್ಲರೂ ಬದುಕಿದ್ದು, ಒಟ್ಟಿಗೆ ಊಟಕ್ಕೆ ಕೂತ ದಿನವನ್ನು ಮಾತ್ರ ನಾರ್ಮಲ್ ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಳಿ ಇಲ್ಲ.

ನಿನ್ನ ತಮ್ಮ ಕೇಳದೆ ಹೋದದ್ದು ಇದು: "ಅಪ್ಪ ನನ್ನ ಸೈಕಲ್ ರಿಪೇರಿ ಮಾಡ್ತಿದ್ರು, ಬೋರ್ಶ್ ಸಾರಿಗೆ ಉಪ್ಪು ಜಾಸ್ತಿ ಹಾಕ್ತಿದ್ರು. ಈಗ ಒಂದು ಕಾಲಿಲ್ಲ. ಆದ್ರೂ ಅವರೇ ತಾನೆ? ವೀರ ಅಂದ್ಬಿಟ್ರೆ ಅವರು ಊರಿಗೆಲ್ಲ ಸೇರಿದವರಾಗ್ತಾರೆ. ನಾನು ಕೊಡಲ್ಲ."

ಟೀಚರ್ ಗದರಿಸುತ್ತಾರೆ ಎಂದುಕೊಂಡೆ. "ಕೂತ್ಕೋ ಕಂದಾ" ಅಂದರು ಅಷ್ಟೇ. ಇಂಥವಳನ್ನು ಹೆತ್ತೆನಲ್ಲ ಎಂದು ನನಗೆ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚೂ ಹೌದು. ನನ್ನ ಬಗ್ಗೆ ಯಾರೂ ಹಾಗೆ ಹೇಳಿಲ್ಲ.

ನಿನ್ನನ್ನು ನೋಡಿ ಅವಳು ಹೆದರುತ್ತಾಳೆ ಎಂದು ತಿಳಿದಿದ್ದೀಯಾ? ಹೆದರಿರುವವನು ನೀನು. ಹೆದರು, ಅದರಲ್ಲಿ ತಪ್ಪಿಲ್ಲ. ಆದರೆ ಅವಳನ್ನು ದೂರ ಇಡಬೇಡ.

ನಿನ್ನವಳೇ ಆದ,
ಮಿರೊಸ್ಲಾವಾ

ತಾ.ಕ.: ವಿನ್ನಿತ್ಸಾ, ನಿನ್ನ ಆಸ್ಪತ್ರೆಯಿಂದಲೇ, ಮಾರ್ಚ್ ೧೫. ಈ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ, ನರ್ಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾರಿನಾ ನಿನ್ನ ವಾರ್ಡಿನ ಬಾಗಿಲಾಚೆಗೇ ನಿಂತಿದ್ದಾಳೆ. "ಅಪ್ಪ ಕರೀದೆ ಒಳಗೆ ಹೋಗಲ್ಲ. ಊರಿಗೂ ಹೋಗಲ್ಲ" ಅನ್ನುತ್ತಿದ್ದಾಳೆ. ಹೆಸರು ಹಿಡಿದು ಕರೆ, ಕೇಳಿಸುತ್ತದೆ.